ಬಾಯಿಲ್ಲದ ಪ್ರಾಣಿಗೆ ನಾಲ್ಕು ಊಟ

ನಾಯಿಮರಿ ಬೇಕೆಂದು ಹಟ ಹಿಡಿದಾಗ ಮಕ್ಕಳೆಲ್ಲ ‘ನಾನೇ ನೋಡ್ಕೋತೀನಿ’ ಎಂದಿರುತ್ತಾರೆ. ಸುಳ್ಳಲ್ಲ, ನೋಡಿಕೊಳ್ಳುತ್ತಾರೆ, ಮೂವರೂ ಒಂದೇ ಕೆಲಸವನ್ನು. ತಮ್ಮ ಊಟ ಹಾಕಿದ್ದು ಅಕ್ಕನಿಗೆ ಗೊತ್ತಿಲ್ಲ, ಅಕ್ಕ ಹಾಕಿದ್ದು ದೊಡ್ಡಣ್ಣನಿಗೆ ಗೊತ್ತಿಲ್ಲ. ಕೊನೆಗೆ ಅಜ್ಜಿ ‘ಪಾಪ, ಬಾಯಿಲ್ಲದ ಪ್ರಾಣಿ’ ಎಂದು ಒಂದು ತುಂಡು ಮುದ್ದೆ ಇಡುತ್ತಾರೆ. ಬಾಯಿಲ್ಲದ ಪ್ರಾಣಿ ನಾಲ್ಕನ್ನೂ ಮುಗಿಸಿ ಐದನೆಯದಕ್ಕೆ ಬಾಲ ಆಡಿಸುತ್ತದೆ.

ಮಂಡ್ಯದ ಮನೆಗಳಲ್ಲಿ ಮುದ್ದೆಗಿಂತ ಅದರ ಜೊತೆ ಬರುವ ಸಾರಿನದೇ ತಕರಾರು. ಬಸ್ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ಬೇಯಿಸಿದರೂ ಆ ಗುಣ ಹೋಗದು. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೇ ಕುತ್ತು.

ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು ಸಾಕು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಊಟ ಹಾಕಿದವರು ಟಿಕ್ ಹಾಕಲಿ. ಇಡೀ ವಾರದ ಟಿಕ್ಕನ್ನು ಸೋಮವಾರವೇ ಹಾಕಿ ಮುಗಿಸುವ ಜಾಣರಿದ್ದಾರೆ, ಪೆನ್ನು ಅಜ್ಜಿಯ ವಶದಲ್ಲಿರಲಿ.

ಮೂರು ವರ್ಷದ ಮಗುವಿಗೆ ಅಳತೆಯ ಲೋಟ ಕೊಟ್ಟು ತಟ್ಟೆಗೆ ಸುರಿಸಬಹುದು, ಅರ್ಧ ನೆಲಕ್ಕೇ ಹೋದೀತು. ನಾಯಿ ತಿನ್ನುವಾಗ ಮಾತ್ರ ಮಗುವನ್ನು ಎತ್ತಿಕೊಂಡುಬಿಡಿ. ಮಗುವಿನ ಕಣ್ಣಿಗೆ ಬಾಲವೆಂದರೆ ಹಿಡಿಕೆ. ಏಳೆಂಟು ವರ್ಷದವರಿಗೆ ನೀರಿನ ಬಟ್ಟಲು. ‘ನೀರು ತುಂಬಿಸು’ ಎಂದರೆ ನಿನ್ನೆಯ ನೀರಿನ ಮೇಲೇ ತುಂಬಿಸುತ್ತಾರೆ, ತಳದ ಲೋಳೆ ವಾರಗಟ್ಟಲೆ ಸುಖವಾಗಿರುತ್ತದೆ. ಚೆಲ್ಲು, ತಿಕ್ಕು, ಆಮೇಲೆ ತುಂಬು ಎಂದು ಬಿಡಿಸಿ ಹೇಳಬೇಕು.

ಹನ್ನೆರಡು ದಾಟಿದವರು ನಾಯಿಯ ಮೈಯ ಉಣ್ಣಿ ಹುಡುಕಲಿ: ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಾಲರಿನಡಿ. ಚಿಮುಟದಿಂದ ಚರ್ಮಕ್ಕೆ ಅಂಟಿದಲ್ಲೇ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿದರೆ ಉಣ್ಣಿಗಿಂತ ಮೊದಲು ನಾಯಿಯ ಚರ್ಮ ಬೆಂದೀತು.

ವಾಕಿಂಗ್ ಕಾಲೇಜು ಹುಡುಗನಿಗೆ. ಒಂದು ಕೈಯಲ್ಲಿ ಫೋನು, ಇನ್ನೊಂದಕ್ಕೆ ಎರಡು ಸುತ್ತು ಸುತ್ತಿದ ಬೆಲ್ಟು. ಸರಸ್ವತಿಪುರಂ ಬೀದಿಯಲ್ಲಿ ಅಳಿಲೊಂದು ಕಂಡರೆ ಬೆಲ್ಟಿನ ಜೊತೆ ಹುಡುಗನೂ ಹೋಗುತ್ತಾನೆ. ಬೆಲ್ಟನ್ನು ಕೈಗೆ ಸುತ್ತಬಾರದು, ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಏಪ್ರಿಲ್‌ ಬಿಸಿಲಲ್ಲಿ ಅಂಗೈ ಹಿಂಭಾಗವನ್ನು ಟಾರಿನ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ಪರಚಿದರೆ ಮಕ್ಕಳು ಮುಚ್ಚಿಡುತ್ತಾರೆ, ನಾಯಿಯನ್ನು ಕಳಿಸಿಬಿಡುತ್ತಾರೆಂಬ ಹೆದರಿಕೆ. ಕಳಿಸುವುದಿಲ್ಲವೆಂದು ಮೊದಲೇ ಮಾತು ಕೊಟ್ಟಿರಿ. ಸಣ್ಣ ಗಾಯವಾದರೂ ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ. ಅರಿಶಿನದ ಡಬ್ಬಿ ಹಿಡಿದು ಬರುವ ಅಜ್ಜಿಯನ್ನು ಅಷ್ಟು ಹೊತ್ತು ತಡೆಯುವ ಕೆಲಸ ದೊಡ್ಡಣ್ಣನದು.