ಈಮಾನ್ ಒಂದೇ ಕಾರಣವಲ್ಲ

ರಂಜಾನ್ ಈದ್ ಮರುದಿನ ಫಜ್ರ್‌ಗೆ (ನಸುಕಿನ ನಮಾಜಿಗೆ) ಮಸೀದಿಯಲ್ಲಿ ಒಂದೇ ಸಾಲು ಉಳಿಯುವುದು ಈಮಾನ್ (ದೇವರ ಮೇಲಿನ ವಿಶ್ವಾಸ) ಕುಂದಿದ್ದಕ್ಕೆ ಎಂದು ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ರಂಜಾನಿನಲ್ಲಿ ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಇಡೀ ಮನೆ ಎದ್ದಿರುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ಸದ್ದು, ಪಕ್ಕದ ಮನೆಯಲ್ಲೂ ಲೈಟು. ರಂಜಾನಿನ ಮುಂದಿನ ತಿಂಗಳು ಶವ್ವಾಲ್ ಬಂತೆಂದರೆ ಆ ಹೊತ್ತಿಗೆ ಏಳುವವರು ನಾವೊಬ್ಬರೇ. ಕಷ್ಟ ಅಲ್ವಾ?

ತಿಂಗಳಿಡೀ ದಿನಕ್ಕೊಂದು ಜುಝ್ (ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದು) ಓದಿದವರು ಮುಂದೆಯೂ ಅಷ್ಟೇ ಓದಬೇಕು ಅಂತ ಹೊರಟು ಸೋಲುತ್ತಾರೆ. ನಾನೂ ಎರಡು ವರ್ಷ ಹೀಗೇ ಕುರ್‌ಆನನ್ನು ಕಪಾಟಿಗೆ ಏರಿಸಿದ್ದೆ. ಈಗ ಫಜ್ರ್ ಆದ ಮೇಲೆ ಒಂದೇ ಪುಟ. ನಮ್ಮ ಮನೆಯ, ಮದೀನಾ ಮುದ್ರಣದ ಕುರ್‌ಆನ್ ಪ್ರತಿಯಲ್ಲಿ 604 ಪುಟ, ಅಂದರೆ ಮುಗಿಸಲು ಹತ್ತಿರ ಹತ್ತಿರ 20 ತಿಂಗಳು. ಆಗಲಿ ಬಿಡಿ. ಸ್ವಲ್ಪವೇ ಆದರೂ ತಪ್ಪದೆ ಮಾಡುವ ಕೆಲಸ ಅಲ್ಲಾಹನಿಗೆ ಜಾಸ್ತಿ ಇಷ್ಟ ಅಂತ ಬುಖಾರಿ, ಮುಸ್ಲಿಂ ಎಂಬ ಎರಡೂ ಸಂಗ್ರಹಗಳಲ್ಲಿ ಹದೀಸ್ (ಪ್ರವಾದಿಯವರ ಮಾತು) ಇದೆ.

ರಂಜಾನ್ ಆದ ಮೇಲೆ ಇಷ್ಟವಿದ್ದವರು ಹಿಡಿಯುವ ಶವ್ವಾಲಿನ ಆರು ಉಪವಾಸವನ್ನೂ ಸಾಲಾಗಿಯೇ ಹಿಡಿಯಬೇಕು ಅಂತ ಸುಮ್ನೆ ಹೆದರುವವರಿದ್ದಾರೆ. ಬಿಡಿಬಿಡಿಯಾಗಿ ಹಿಡಿದರೂ ಆಗುತ್ತದೆ. ನಮ್ಮಮ್ಮ ಸೋಮವಾರ, ಗುರುವಾರ ಹಿಡಿದು ಮೂರು ವಾರದಲ್ಲಿ ಮುಗಿಸುತ್ತಾರೆ. ಸಹರಿಗೆ ರಾತ್ರಿ ಉಳಿದ ಗಂಜಿ, ಒಂದು ಚೂರು ಉಪ್ಪಿನಕಾಯಿ, ಅಷ್ಟೇ.