ಪ್ರತಿ ಸಲವೂ ಬ್ರಹ್ಮಾಂಡವನ್ನೇ ಉಳಿಸಬೇಕಾ?

ಬಾಹ್ಯಾಕಾಶ ಹಡಗುಗಳ ಕಥೆ ಹೇಳುವ ಸ್ಟಾರ್ ಟ್ರೆಕ್ ಟಿವಿ ಸರಣಿಗಳ ಹೊಸ ಸೀಸನ್ ಬರುತ್ತಿದೆ ಅಂದ ತಕ್ಷಣ ನಾನು ಈಗ ಹುಡುಕುವುದು ಒಂದೇ ವಿಷಯ. ಎಷ್ಟು ಎಪಿಸೋಡ್? ಕಥೆ ಏನು, ಯಾರ್ಯಾರು ಇದ್ದಾರೆ, ಹಡಗು ಯಾವುದು, ಅದೆಲ್ಲ ಆಮೇಲೆ. ಉತ್ತರ ಹೆಚ್ಚುಕಮ್ಮಿ ಅದೇ. ಹತ್ತು. ಹತ್ತೇ ಹತ್ತು.

ಸ್ಟ್ರೇಂಜ್ ನ್ಯೂ ವರ್ಲ್ಡ್ಸ್ ಸರಣಿಯ ಎರಡನೇ ಸೀಸನ್ 2023ರ ಆಗಸ್ಟ್‌ನಲ್ಲಿ ಮುಗಿಯಿತು, ಅದೂ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ. ಮುಂದೇನಾಯಿತು ಅಂತ ತಿಳಿಯಲು 2025ರ ಜುಲೈವರೆಗೆ ಕಾಯಬೇಕಾಯಿತು. ನಡುವೆ ಹಾಲಿವುಡ್‌ನಲ್ಲಿ ಮುಷ್ಕರ ಇತ್ತು, ಗೊತ್ತು. ಬರಹಗಾರರು, ನಟರು ತಮ್ಮ ಹಕ್ಕಿಗಾಗಿ ಬೀದಿಗಿಳಿದಿದ್ದರು, ಅವರ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಆದರೆ ಈ ಹತ್ತರ ಲೆಕ್ಕ ಮುಷ್ಕರಕ್ಕೆ ಮೊದಲೇ ಬಂದು ಕೂತಿತ್ತು. ಈಗ ಇನ್ನೊಂದು ಸುದ್ದಿ: ಐದನೇ ಸೀಸನ್ನೇ ಕೊನೆಯದು, ಅದರಲ್ಲಿ ಆರೇ ಎಪಿಸೋಡ್. ಕೂಡಿಸಿ ನೋಡಿ. ಐದು ಸೀಸನ್‌ಗೆ 46. ಹಳೇ ಸ್ಟಾರ್ ಟ್ರೆಕ್ ಸರಣಿ ನೆಕ್ಸ್ಟ್ ಜನರೇಷನ್‌ನ ಮೂರು ಮತ್ತು ನಾಲ್ಕನೇ ಸೀಸನ್ ಎರಡೇ ಸೇರಿಸಿದರೆ 52 ಆಗುತ್ತದೆ!

ಬರೀ ಸಂಖ್ಯೆಗೆ ಇಷ್ಟು ಕೂಗಾಡಬೇಕಾ ಅಂತ ಕೇಳಬೇಡಿ. ಆ ಸಂಖ್ಯೆ ಕಡಿಮೆ ಆದಾಗ ಏನು ಹೋಯಿತು ಅನ್ನುವುದೇ ನನ್ನ ಸಂಕಟ.

ಹತ್ತೋ ಹದಿನೈದೋ ಎಪಿಸೋಡ್ ಇದ್ದಾಗ ಬರೆಯುವವರಿಗೆ ಭಯ ಶುರುವಾಗುತ್ತದೆ. ಒಂದು ಗಂಟೆಯೂ ವ್ಯರ್ಥ ಆಗಬಾರದು, ಪ್ರತಿಯೊಂದೂ ದೊಡ್ಡದಾಗಿರಬೇಕು. ದೊಡ್ಡದು ಅಂದರೆ ಇವರಿಗೆ ಗೊತ್ತಿರುವುದು ಒಂದೇ, ಎಲ್ಲರೂ ಸಾಯುವ ಅಪಾಯ. ಡಿಸ್ಕವರಿ ಸರಣಿ ನೋಡಿ. ಮೊದಲ ಸೀಸನ್‌ನಲ್ಲಿ ಕ್ಲಿಂಗನ್ ಅನ್ನುವ ಅನ್ಯಗ್ರಹದವರ ಜೊತೆ ಯುದ್ಧ. ಎರಡನೆಯದರಲ್ಲಿ ಗ್ಯಾಲಕ್ಸಿಯ ಜೀವಿಗಳನ್ನೆಲ್ಲ ಅಳಿಸಿಹಾಕಲು ಹೊರಟ ಕಂಪ್ಯೂಟರ್. ಮೂರರಲ್ಲಿ ಗ್ಯಾಲಕ್ಸಿಯ ಹಡಗುಗಳೇ ಸ್ಫೋಟಗೊಂಡ ದುರಂತ. ನಾಲ್ಕರಲ್ಲಿ ಗ್ರಹಗಳನ್ನು ನುಂಗುವ ವಿಚಿತ್ರ ಶಕ್ತಿ. ಪಿಕಾರ್ಡ್ ಸರಣಿಯದೂ ಇದೇ ಹಾಡು. ಪ್ರತಿ ಸಲ ಗಡಿಯಾರ ಟಿಕ್ ಟಿಕ್ ಅನ್ನುತ್ತಿರುತ್ತದೆ, ಎಲ್ಲರೂ ಓಡುತ್ತಿರುತ್ತಾರೆ, ಓಡುತ್ತಲೇ ಅಳುತ್ತಾರೆ, ಮತ್ತೆ ಓಡುತ್ತಾರೆ. ಕೊನೆಗೆ ಎಲ್ಲ ಉಳಿಯುತ್ತದೆ. ಉಳಿದಿದ್ದು ಯಾರು, ಅವರ ಬದುಕು ಹೇಗಿತ್ತು ಅಂತ ತೋರಿಸಲು ಮಾತ್ರ ಯಾರಿಗೂ ಪುರಸೊತ್ತಿಲ್ಲ.

ಡಿಸ್ಕವರಿ ಹಡಗಿನಲ್ಲಿ ಆ್ಯರಿಯಮ್ ಅಂತ ಒಬ್ಬಳಿದ್ದಳು, ನೆನಪಿದೆಯಾ? ಅರ್ಧ ಯಂತ್ರದಂಥ ಮುಖ. ಮೊದಲ ಸೀಸನ್‌ನಿಂದಲೂ ಹಡಗು ನಡೆಸುವ ಕೋಣೆ ಬ್ರಿಜ್‌ನಲ್ಲಿ ಕೂತಿರುತ್ತಿದ್ದಳು. ಯಾರು ಇವಳು, ಏನಾಗಿತ್ತು ಇವಳಿಗೆ, ನಮಗೆಲ್ಲ ಕುತೂಹಲ. ಎರಡನೇ ಸೀಸನ್‌ನಲ್ಲಿ, 2019ರಲ್ಲಿ, ಕೊನೆಗೂ ಅವಳ ಕಥೆ ಹೇಳಿದರು. ಗಂಡ, ಅಪಘಾತ, ಅವಳು ಕಾಪಾಡಿಕೊಂಡು ಬಂದ ನೆನಪುಗಳು. ಅದೇ ಎಪಿಸೋಡ್‌ನ ಕೊನೆಗೆ ಸಾಯಿಸಿದರು. ಪರಿಚಯ ಮಾಡಿಸಿದ್ದೇ ನಾವು ಅಳಲಿ ಅಂತ! ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಪಾಪ, ಅದೇ ಬ್ರಿಜ್‌ನಲ್ಲಿದ್ದ ಡೆಟ್ಮರ್, ಒವೊಸೆಕುನ್ ಸತ್ತೂ ಇಲ್ಲ. ಆದರೆ ಸರಣಿಯನ್ನು ಪೂರ್ತಿ ನೋಡಿದವರನ್ನೇ ಕೇಳಿ, ಅವರಿಬ್ಬರ ಬಗ್ಗೆ ನಾಲ್ಕು ಮಾತು ಹೇಳಿ ಅಂತ. ತಡಕಾಡುತ್ತಾರೆ.

ಈಗ ಓಬ್ರಯನ್‌ನನ್ನು ತೆಗೆದುಕೊಳ್ಳಿ. 1987ರಲ್ಲಿ ನೆಕ್ಸ್ಟ್ ಜನರೇಷನ್‌ನ ಮೊದಲ ಕಂತಿನಲ್ಲಿ ಆ ನಟ ಬಂದಾಗ ಪಾತ್ರಕ್ಕೆ ಹೆಸರೂ ಇರಲಿಲ್ಲ. ಎರಡನೇ ಸೀಸನ್‌ನಲ್ಲಿ ಜನರನ್ನು ಕ್ಷಣದಲ್ಲಿ ಬೇರೆಡೆಗೆ ಕಳಿಸುವ ಯಂತ್ರ, ಟ್ರಾನ್ಸ್‌ಪೋರ್ಟರ್, ನಡೆಸುವವನಾದ. ಬಾಗಿಲು ತೆರೆದಾಗ ಅಲ್ಲಿ ನಿಂತಿರುತ್ತಿದ್ದ, ಅಷ್ಟೇ. ಮೈಲ್ಸ್ ಅನ್ನುವ ಹೆಸರು ಬಂದಿದ್ದು ನಾಲ್ಕನೇ ಸೀಸನ್‌ನಲ್ಲಿ. ಆಮೇಲೆ ಮದುವೆ, ಮಗು, ಹೆಂಡತಿ ಜೊತೆ ಜಗಳ, ಹಳೇ ಯುದ್ಧದ ಗಾಯ. 1993ರ ಹೊತ್ತಿಗೆ ಇನ್ನೊಂದು ಸರಣಿ ಡೀಪ್ ಸ್ಪೇಸ್ ನೈನ್‌ನ ಮುಖ್ಯ ಪಾತ್ರಗಳಲ್ಲಿ ಒಬ್ಬನಾದ. ಇವನನ್ನು ಹೀಗೆ ಬೆಳೆಸಬೇಕು ಅಂತ ಯಾರೂ ಮೊದಲೇ ನಕ್ಷೆ ಹಾಕಿರಲಿಲ್ಲ. ವರ್ಷಕ್ಕೆ 26 ಕಂತು ತುಂಬಿಸಬೇಕಿತ್ತು. ಕ್ಯಾಪ್ಟನ್ ಪಿಕಾರ್ಡ್, ಅವರ ಕೈಕೆಳಗಿನ ಅಧಿಕಾರಿ ರೈಕರ್ ಕಥೆ ಎಷ್ಟು ಅಂತ ಹೇಳುವುದು? ಹಾಗಾಗಿ ಕ್ಯಾಮೆರಾ ಟ್ರಾನ್ಸ್‌ಪೋರ್ಟರ್ ಕೋಣೆಯ ಕಡೆಗೂ ತಿರುಗಿತು.

ಅವನ ಮದುವೆಯ ಎಪಿಸೋಡ್ ನನಗೆ ಪ್ರಾಣ. ಡೇಟಾ ಅನ್ನುವ ಯಂತ್ರಮಾನವನ ಒಂದು ದಿನ, ಅಷ್ಟೇ ಕಥೆ. ಪಕ್ಕದಲ್ಲಿ ಶತ್ರು ರೋಮುಲನ್ನರ ಗೂಢಚಾರಿಕೆಯೂ ನಡೆಯುತ್ತದೆ, ಆದರೆ ನಮಗೆ ನೆನಪಿರುವುದು ಮದುವೆಯೇ. ಮದುಮಗಳು ಕೈಕೊ ಕೊನೇ ಗಳಿಗೆಯಲ್ಲಿ ಮದುವೆ ಬೇಡ ಅನ್ನುತ್ತಾಳೆ. ಡೇಟಾ ಹೋಗಿ ಓಬ್ರಯನ್‌ಗೆ ಇದನ್ನು ಸಂತೋಷದ ಸುದ್ದಿ ಅಂತ ಹೇಳುತ್ತಾನೆ. ಅವಳಿಗೆ ಸಂತೋಷ ಕೊಡುವ ತೀರ್ಮಾನ ಅಂದಮೇಲೆ ಇವನಿಗೂ ಖುಷಿಯಾಗಬೇಕು, ಇದು ಅವನ ತರ್ಕ. ಆಮೇಲೆ ಮದುವೆಯಲ್ಲಿ ಕುಣಿಯಬೇಕು ಅಂತ ಡಾಕ್ಟರ್ ಕ್ರಷರ್ ಹತ್ತಿರ ಡ್ಯಾನ್ಸ್ ಕಲಿಯುತ್ತಾನೆ. ಹೆಜ್ಜೆಯೆಲ್ಲ ಸರಿ, ಮುಖದ ನಗು ಮಾತ್ರ ಭಯಂಕರ! ಆ ಒಂದು ಗಂಟೆ ನೋಡಿದ ಮೇಲೆ ಅವರೆಲ್ಲ ನಮ್ಮ ಮನೆಯವರಾದರು. ಇವತ್ತು ಇಂಥ ಕಥೆ ತೆಗೆದುಕೊಂಡು ಹೋದರೆ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತಾರೆ.

ದುಡ್ಡಿಲ್ಲ, ಈಗಿನ ಗ್ರಾಫಿಕ್ಸ್‌ಗೆ ಖರ್ಚು ಜಾಸ್ತಿ, 26 ಮಾಡಲು ಆಗುವುದೇ ಇಲ್ಲ ಅನ್ನುವ ವಾದ ಕೇಳಿ ಕೇಳಿ ಸಾಕಾಗಿದೆ. ಸ್ವಾಮಿ, ಈ ಸರಣಿಯ ಎಷ್ಟೋ ಒಳ್ಳೆಯ ಕಂತುಗಳು ದುಡ್ಡಿನ ಹಂಗಿಲ್ಲದೆ ಹುಟ್ಟಿದವು!

ಡೀಪ್ ಸ್ಪೇಸ್ ನೈನ್‌ನ ಮೊದಲ ಸೀಸನ್‌ನ ಕೊನೆಯ ಹೊತ್ತಿಗೆ, 1993ರಲ್ಲಿ, ಖರ್ಚು ಉಳಿಸಬೇಕು ಅಂತ ಮಾಡಿದ್ದು ಡುಯೆಟ್. ಹೊಸ ಗ್ರಹ ಇಲ್ಲ, ಹಡಗುಗಳ ಯುದ್ಧ ಇಲ್ಲ. ಒಂದು ಜೈಲು ಕೋಣೆ, ಇಬ್ಬರು. ಒಬ್ಬಳು ಕೀರಾ, ತನ್ನ ನಾಡಿನ ಮೇಲೆ ಕಾರ್ಡೇಸಿಯನ್ ಅನ್ನುವ ಅನ್ಯಗ್ರಹದವರು ಮಾಡಿದ ಆಕ್ರಮಣದ ವಿರುದ್ಧ ಚಿಕ್ಕಂದಿನಿಂದ ಹೋರಾಡಿದವಳು. ಇನ್ನೊಬ್ಬ ಒಂದು ಘೋರ ಕಾರ್ಮಿಕ ಶಿಬಿರದಲ್ಲಿದ್ದ ಕಾರ್ಡೇಸಿಯನ್. ಮೊದಲು ನಾನು ಬರೀ ಗುಮಾಸ್ತ ಅನ್ನುತ್ತಾನೆ. ಆಮೇಲೆ ಆ ಶಿಬಿರದ ಕಟುಕ ನಾನೇ ಅಂತ ಎದೆ ತಟ್ಟಿಕೊಂಡು ಹೇಳುತ್ತಾನೆ, ಕೊಂದಿದ್ದನ್ನು ಬಾಯಿ ಚಪ್ಪರಿಸಿಕೊಂಡು ವರ್ಣಿಸುತ್ತಾನೆ. ಕೊನೆಗೆ ಸತ್ಯ ಹೊರಬರುತ್ತದೆ. ಅವನು ನಿಜವಾಗಿಯೂ ಗುಮಾಸ್ತನೇ. ಕಟುಕ ಯಾವತ್ತೋ ಸತ್ತಿದ್ದಾನೆ. ರಾತ್ರಿಗಳಲ್ಲಿ ಕೇಳಿದ ಕಿರುಚಾಟ ತಡೆಯಲಾಗದೆ, ಕಿವಿ ಮುಚ್ಚಿಕೊಂಡು ಕೂತಿದ್ದ ಮನುಷ್ಯ. ತನ್ನ ನಾಡು ತಾನು ಮಾಡಿದ್ದನ್ನು ಒಪ್ಪಿಕೊಳ್ಳಲಿ ಅಂತ ಆ ಕಟುಕನ ಮುಖವನ್ನೇ ಶಸ್ತ್ರಚಿಕಿತ್ಸೆಯಲ್ಲಿ ಹೊತ್ತುಕೊಂಡು, ಗಲ್ಲಿಗೇರಲು ತಾನಾಗಿ ಬಂದಿದ್ದಾನೆ. ದ್ವೇಷದಿಂದ ಕುದಿಯುತ್ತಿದ್ದ ಕೀರಾ ಅವನನ್ನು ಬಿಡುಗಡೆ ಮಾಡುತ್ತಾಳೆ. ಹೊರಗೆ ಬಂದ ಅವನನ್ನು ಅವಳ ಜನದವನೇ ಒಬ್ಬ ಇರಿಯುತ್ತಾನೆ. ಅವನು ಕಾರ್ಡೇಸಿಯನ್, ಅಷ್ಟು ಕಾರಣ ಸಾಕು ಅನ್ನುತ್ತಾನೆ. ಸಾಲದು ಅನ್ನುತ್ತಾಳೆ ಕೀರಾ. ಮುಗಿಯಿತು.

ಇದಕ್ಕೆ ಯಾವ ಗ್ರಾಫಿಕ್ಸ್ ಬೇಕಿತ್ತು, ಹೇಳಿ.

ಅದಕ್ಕೂ ಮುಂಚೆ, 1989ರಲ್ಲಿ, ನೆಕ್ಸ್ಟ್ ಜನರೇಷನ್‌ನಲ್ಲಿ ಬಂದ ದ ಮೆಷರ್ ಆಫ್ ಎ ಮ್ಯಾನ್ ಕೂಡ ಹೀಗೆಯೇ. ಬರೆದವರು ಮೆಲಿಂಡಾ ಸ್ನೋಡ್‌ಗ್ರಾಸ್, ಮೊದಲು ವಕೀಲೆಯಾಗಿದ್ದವರು. ಡೇಟಾ ಒಬ್ಬ ವ್ಯಕ್ತಿಯೋ, ಇಲಾಖೆಯ ಸೊತ್ತೋ ಅನ್ನುವ ವಿಚಾರಣೆ. ಅವನ ಸ್ನೇಹಿತ ರೈಕರ್‌ನೇ ಅವನ ವಿರುದ್ಧ ವಾದಿಸಬೇಕು, ಬೇರೆ ದಾರಿ ಇಲ್ಲ. ಅದರಲ್ಲಿ ಒಂದು ಚಿಕ್ಕ ದೃಶ್ಯ ಇದೆ. ರೈಕರ್ ಡೇಟಾನ ನಕ್ಷೆಗಳನ್ನು ಪರದೆಯ ಮೇಲೆ ಓದುತ್ತಾ ಕೂತಿದ್ದಾನೆ. ಡೇಟಾನನ್ನು ಆಫ್ ಮಾಡುವ ಸ್ವಿಚ್ ಎಲ್ಲಿದೆ ಅಂತ ಸಿಗುತ್ತದೆ. ಕೇಸ್ ಗೆದ್ದೆ ಅಂತ ಮುಖ ಅರಳುತ್ತದೆ. ಮರುಕ್ಷಣವೇ ಗೆದ್ದರೆ ಏನಾಗುತ್ತದೆ ಅಂತ ಹೊಳೆದು ಆ ಮುಖ ಕುಸಿಯುತ್ತದೆ. ಒಂದೂ ಮಾತಿಲ್ಲ. ನಟನ ಮುಖ ಬದಲಾಗುವವರೆಗೆ ಕ್ಯಾಮೆರಾ ಸುಮ್ನೆ ಕಾಯುತ್ತದೆ. ಈಗಿನ ಸರಣಿಗಳಲ್ಲಿ ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ? ಗಿರಗಿರ ತಿರುಗುತ್ತಲೇ ಇರುತ್ತದೆ.

ಇದೇ ಕಂತಿನಲ್ಲಿ ಮೊದಲ ಸಲ ಆ ಪೋಕರ್ ಆಟ ಬಂತು. ಅಧಿಕಾರಿಗಳೆಲ್ಲ ಒಂದು ಮೇಜಿನ ಸುತ್ತ ಕೂತು ಇಸ್ಪೀಟ್ ಆಡುವುದು. ಆಮೇಲೆ ವರ್ಷಾನುಗಟ್ಟಲೆ ಆಗಾಗ ಆಡಿದರು. ಪಿಕಾರ್ಡ್ ಯಾವತ್ತೂ ಅದರಲ್ಲಿ ಸೇರುತ್ತಿರಲಿಲ್ಲ. 1994ರಲ್ಲಿ ಸರಣಿಯ ಕೊನೆಯ ದೃಶ್ಯದಲ್ಲಿ ಅವರು ಬಂದು ಆ ಮೇಜಿಗೆ ಕೂತಾಗ ನಮಗೆ ಗಂಟಲು ಕಟ್ಟಿತು. 2023ರಲ್ಲಿ ಪಿಕಾರ್ಡ್ ಸರಣಿ ಮುಗಿದಿದ್ದೂ ಅದೇ ಪೋಕರ್ ಮೇಜಿನಲ್ಲೇ. ಎಲ್ಲರಿಗೂ ವಯಸ್ಸಾಗಿದೆ, ನಗುತ್ತಾ ಆಡುತ್ತಿದ್ದಾರೆ. ಹೌದು, ನಾನೂ ಅತ್ತೆ. ಆದರೆ ಆ ಕಣ್ಣೀರು ಬಂದಿದ್ದು ಆ ಸೀಸನ್‌ನ ಹತ್ತು ಎಪಿಸೋಡ್‌ನಿಂದಲ್ಲ, ಬಾರ್ಗ್ ಅನ್ನುವ ಶತ್ರುಗಳು ಬಂದು ಹಡಗುಪಡೆಯನ್ನೆಲ್ಲ ವಶ ಮಾಡಿಕೊಂಡಿದ್ದರಿಂದಲೂ ಅಲ್ಲ. ಏನೂ ದೊಡ್ಡದು ಆಗದ ಆ ಹಳೇ ವಾರಗಳಿಂದ. ಹಿರಿಯರು ಕೂಡಿಟ್ಟ ದುಡ್ಡನ್ನು ತೆಗೆದು ಖರ್ಚು ಮಾಡುತ್ತಿದ್ದಾರೆ ಇವರು, ತಾವು ಒಂದು ಕಾಸನ್ನೂ ಕೂಡಿಡುತ್ತಿಲ್ಲ. ಇನ್ನು ಮೂವತ್ತು ವರ್ಷ ಬಿಟ್ಟು ಡಿಸ್ಕವರಿಯ ಜನರನ್ನು ಒಂದು ಮೇಜಿನ ಸುತ್ತ ಕೂರಿಸಿದರೆ ಯಾರ ಗಂಟಲು ಕಟ್ಟುತ್ತದೆ?

26ರಲ್ಲಿ ಕಸವೂ ಇತ್ತಲ್ವಾ ಅಂದರೆ, ಇತ್ತು. ಧಾರಾಳವಾಗಿ ಇತ್ತು. ನೆಕ್ಸ್ಟ್ ಜನರೇಷನ್‌ನ ಎರಡನೇ ಸೀಸನ್‌ನ ಕೊನೆಯ ಕಂತು ಬರೀ ಹಳೇ ತುಣುಕುಗಳನ್ನು ಹೊಲಿದಿದ್ದು. ಕೆಲಸ ಮಾಡುವವರು ಹೈರಾಣಾಗುತ್ತಿದ್ದರು ಅನ್ನುವುದೂ ನಿಜ, ಹಾಗಾಗಿ 26ನ್ನೇ ಹಿಡಿದು ಕೂರುವುದಿಲ್ಲ ನಾನು. ಆದರೆ ಎಡವಲು ಜಾಗ ಇದ್ದಿದ್ದರಿಂದಲೇ ಹೊಸಬರಿಗೂ ಜಾಗ ಇತ್ತು. ಮೂರನೇ ಸೀಸನ್‌ನಲ್ಲಿ ಬರಹಗಾರರ ಮುಖ್ಯಸ್ಥರಾಗಿ ಮೈಕಲ್ ಪಿಲ್ಲರ್ ಬಂದ ಮೇಲೆ ಹೊರಗಿನವರು ಯಾರು ಬೇಕಾದರೂ ಸ್ಕ್ರಿಪ್ಟ್ ಕಳಿಸಬಹುದಿತ್ತು. ರೊನಾಲ್ಡ್ ಡಿ. ಮೂರ್ ಒಳಗೆ ಬಂದಿದ್ದು ಹಾಗೆ ಒಂದು ಸ್ಕ್ರಿಪ್ಟ್ ಕೊಟ್ಟು. ಡೇಟಾ ತನಗೊಬ್ಬ ಮಗಳನ್ನು ತಯಾರಿಸಿಕೊಳ್ಳುವ ಆ ಕರುಳು ಹಿಂಡುವ ಕಥೆ ಬರೆದ ರೆನೆ ಎಚೆವರಿಯಾ ಕೂಡ ಹಾಗೆಯೇ ಬಂದವರು. ಹತ್ತೇ ಕಂತು ಇಟ್ಟುಕೊಂಡವರು ಗುರುತು ಪರಿಚಯ ಇಲ್ಲದವರ ಕೈಗೆ ಒಂದನ್ನು ಕೊಡುತ್ತಾರಾ?

ಕಂಪನಿಗಿಂತ ಜಾಸ್ತಿ ಸಿಟ್ಟು ಬರುವುದು ನಮ್ಮಂಥ ಅಭಿಮಾನಿಗಳ ಮೇಲೆಯೇ. ಹೊಸದಾಗಿ ನೋಡುವವರಿಗೆ ಪಟ್ಟಿ ಮಾಡಿಕೊಡುತ್ತಾರೆ: ಇವಿಷ್ಟು ನೋಡು, ಉಳಿದಿದ್ದು ಬಿಡು, ಮುಖ್ಯ ಕಥೆ ಮುಂದೆ ಹೋಗಲ್ಲ. ಆ ಬಿಡು ಅನ್ನುವ ಪಟ್ಟಿಯಲ್ಲಿ ಡೀಪ್ ಸ್ಪೇಸ್ ನೈನ್‌ನ ನಾಗ್‌ನ ಕಥೆ ಸಿಗುತ್ತದೆ! ಯುದ್ಧದಲ್ಲಿ ಕಾಲು ಕಳೆದುಕೊಂಡ ಹುಡುಗ ಹೊರಗಿನ ಜಗತ್ತೇ ಬೇಡ ಅಂತ ಹಾಲೋಗ್ರಾಮ್ ಗಾಯಕನೊಬ್ಬನ ಮನೆ ಸೇರಿಕೊಳ್ಳುವ 1998ರ ಕಂತು. ಇಡೀ ಎಪಿಸೋಡ್ ಇಬ್ಬರು ಪಕ್ಕದ ಪಾತ್ರಗಳ ಹೆಗಲ ಮೇಲೆ ನಿಂತಿದೆ. ಆ ಯುದ್ಧದ ನಿಜವಾದ ಬೆಲೆ ನನಗೆ ಅರ್ಥವಾಗಿದ್ದು ಅಲ್ಲಿ, ಹಡಗುಗಳು ಸಿಡಿಯುವ ಯಾವ ದೃಶ್ಯದಲ್ಲೂ ಅಲ್ಲ. ಅದನ್ನೂ ಬಿಟ್ಟು ನೋಡಿ ಅನ್ನುವವರಿಗೆ ಏನು ಹೇಳಲಿ?

ಇನ್ನೂ ಹೊಟ್ಟೆ ಉರಿಸುವ ಸಂಗತಿ ಅಂದರೆ ಇವರಿಗೆ ಇಂಥದ್ದು ಮಾಡಲು ಬರುತ್ತದೆ. ಸ್ಟ್ರೇಂಜ್ ನ್ಯೂ ವರ್ಲ್ಡ್ಸ್‌ನಲ್ಲಿ ಹಡಗು ಓಡಿಸುವವಳು ಎರಿಕಾ ಒರ್ಟೇಗಸ್. 2022ರಲ್ಲಿ ಸರಣಿ ಶುರುವಾದಾಗಿನಿಂದ ಅಲ್ಲೇ ಕೂತಿದ್ದಾಳೆ. ಅವಳ ಪಾಲಿಗೆ ಅಂತ ಒಂದು ಪೂರ್ತಿ ಕಥೆ ಬಂದಿದ್ದು 2025ರಲ್ಲಿ, ಮೂರನೇ ಸೀಸನ್‌ನ ಒಂಬತ್ತನೇ ಕಂತಿನಲ್ಲಿ. ಬರಡು ಚಂದ್ರನೊಂದರ ಮೇಲೆ ಅವಳೊಬ್ಬಳು, ಜೊತೆಗೆ ಒಬ್ಬ ಶತ್ರು ಗಾರ್ನ್. ಅವಳನ್ನು ಪ್ರಾಣಕ್ಕೆ ಹೆದರಿಸಿದ್ದ ಜಾತಿಯ ಜೀವಿ. ಭಾಷೆ ಬರಲ್ಲ, ನಂಬಿಕೆ ಇಲ್ಲ, ಆದರೂ ಬದುಕಬೇಕು. ಎಷ್ಟು ಚೆನ್ನಾಗಿತ್ತು! ಇದನ್ನು ಮೊದಲ ವರ್ಷವೇ ಯಾಕೆ ಕೊಡಲಿಲ್ಲ? ಇಂಥವು ಇನ್ನೂ ಎಷ್ಟು ಒಳಗೇ ಉಳಿದುಹೋದವು? ಈಗ ಅವಳ ಸರಣಿಯೇ ಮುಗಿಯುತ್ತಿದೆ.

ಮುಂದೆ ಹೊಸ ಸರಣಿ ಮಾಡುವವರು 20 ಎಪಿಸೋಡ್ ಕೊಡಲಿ. ಅದರಲ್ಲಿ ಎಂಟಕ್ಕೆ ಹೊಸ ಸೆಟ್ ಕೂಡ ಬೇಡ, ಹಡಗಿನ ಒಳಗೇ ನಡೆಯಲಿ. ಅಡುಗೆಯವನದೊಂದು ಕಥೆ ಇರಲಿ, ರಾತ್ರಿ ಪಾಳಿಯವರದೊಂದು ಇರಲಿ. ಯಾರೂ ಸಾಯುವುದು ಬೇಡ, ಯಾವ ಗ್ರಹವೂ ಸಿಡಿಯುವುದು ಬೇಡ. ಕೆಲವು ಕೆಟ್ಟದಾಗಿಯೇ ಬರಲಿ, ಪರವಾಗಿಲ್ಲ. ವಾರಾ ವಾರಾ ಕೂತು ನೋಡುತ್ತೇನೆ, ಕೆಟ್ಟವನ್ನೂ ಸೇರಿಸಿ.