ಹತ್ತೊಂಬತ್ತಕ್ಕೊಂದು ತುಮಕೂರು

ರಜಕ್ಕೆ ಬಂದಿರೋ ಅಕ್ಕನ ಮಗ ನಡುಮನೇಲಿ ಗೋಡೆಗೆ ಒರಗಿಕೊಂಡು ಬಸ್ ಓಡಿಸ್ತಿದ್ದ. ಮೊಬೈಲಲ್ಲಿ. ಕೆಂಪು ಬಸ್ಸು, ನಮ್ಮ ಕೆಎಸ್ಸಾರ್ಟಿಸಿದೇ ಬಣ್ಣ, ಮುಂದೆ ತುಮಕೂರು-ಬೆಂಗಳೂರು ಅಂತ ಕನ್ನಡದಲ್ಲೇ ಬೋರ್ಡು, ಪರವಾಗಿಲ್ವೇ ಅಂತ ಪಕ್ಕದಲ್ಲಿ ಕೂತು ನೋಡಿದ್ರೆ ಎಷ್ಟು ದೂರ ಹೋದ್ರೂ ಕ್ಯಾತ್ಸಂದ್ರಾನೇ ಬರ್ಲಿಲ್ಲ. "ಮಾಮ, ರೋಡು ಇಂಡೋನೇಷ್ಯಾದು, ಬಸ್ ಮಾತ್ರ ನಮ್ದು" ಅಂದ.

ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಅಂತ, 2017ರಲ್ಲಿ ಅಲ್ಲಿನ ಮಾಲಿಯೋ ಅನ್ನೋ ಕಂಪನಿಯೋರು ಮಾಡಿದ್ದು. ಬಸ್ಸಿಗೆ ನಮಗೆ ಬೇಕಾದ ಬಣ್ಣ ಬಳಿಯೋಕೆ, ಮಾಡಲ್ ಸೇರಿಸೋಕೆ ಬಿಟ್ಟಿದ್ದಾರೆ, ಅದಕ್ಕೇ ನಮ್ಮ ಹುಡುಗರು ಕೂತು ಕೂತು ಕರ್ನಾಟಕದ ಬಸ್ಸುಗಳನ್ನೆಲ್ಲ ಅಲ್ಲಿಗೆ ಸಾಗಿಸಿಬಿಟ್ಟವ್ರೆ. ಅದು ಹೊಂದ್ಕೊಂಡೂ ಬುಡ್ತು ನೋಡಿ, ಯಾಕಂದ್ರೆ ಇಂಡೋನೇಷ್ಯಾದಲ್ಲೂ ನಮ್ಮ ಥರಾನೇ ಎಡಗಡೆ ಗಾಡಿ ಓಡಿಸೋದು, ತೆಂಗಿನಮರ, ಹೆಂಚಿನ ಮನೆ, ಗದ್ದೆ, ಮೈಮೇಲೇ ಬರೋ ಬೈಕು, ಕಣ್ಣು ಸ್ವಲ್ಪ ಕಿರಿದು ಮಾಡ್ಕೊಂಡ್ರೆ ಗುಬ್ಬಿ ರೋಡೇ. ಹಾರ್ನಂತೂ ಕೇಳಬೇಡಿ, ನಾದಸ್ವರದೋರು ಓಡಬೇಕು. ಅಲ್ಲಿ ಮಕ್ಕಳು ಹಾರ್ನ್ ಹೊಡೀಲಿ ಅಂತ ರೋಡ್ ಪಕ್ಕ ನಿಂತು ಡ್ರೈವರ್‌ಗೆ "ಓಂ ತೆಲೋಲೆತ್ ಓಂ" ಅಂತ ಕೂಗೋದು 2016ರಲ್ಲಿ ಪ್ರಪಂಚ ಪೂರ್ತಿ ಓಡಾಡಿದ ತಮಾಷೆ. ಓಂ ಅಂತ ಕೇಳಿಸಿದ್ದೇ ನಮ್ಮಮ್ಮ ಒಳಗಿಂದ "ಪರವಾಗಿಲ್ಲ, ಒಳ್ಳೇದೇ ನೋಡ್ತವ್ನೆ" ಅಂದ್ರು. ಅಲ್ಲಿ ಓಂ ಅಂದ್ರೆ ಅಂಕಲ್ ಅಂತೆ, ನಾನು ಹೇಳೋಕೆ ಹೋಗ್ಲಿಲ್ಲ.

ಸಂಜೆ ಅವನ ಲ್ಯಾಪ್‌ಟಾಪಲ್ಲಿ ಲಾರಿ. ಯೂರೋ ಟ್ರಕ್ ಸಿಮ್ಯುಲೇಟರ್ 2, ಪ್ರಾಗ್ ಊರಿನೋರು 2012ರಲ್ಲಿ ಬಿಟ್ಟಿದ್ದು, ಇವತ್ತಿಗೂ ಅದಕ್ಕೆ ಹೊಸ ಹೊಸ ದೇಶ ಸೇರಿಸ್ತಾನೇ ಅವ್ರೆ. ಇಡೀ ಯೂರೋಪನ್ನ ಅಷ್ಟಕ್ಕಷ್ಟೇ ಇಟ್ರೆ ಆಡೋನು ಮುದುಕ ಆಗೋಗ್ತಾನೆ, ಅದಕ್ಕೆ ಹೆದ್ದಾರೀನೆಲ್ಲ ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಇಳಿಸವ್ರೆ, ಗಡಿಯಾರ ಮಾತ್ರ ಹತ್ತೊಂಬತ್ತು ಪಟ್ಟು ಓಡುತ್ತೆ, ಒಂದು ಲೋಟ ಕಾಫಿ ಮುಗಿಯೋಷ್ಟರಲ್ಲಿ ಕತ್ತಲೆ.

ಈ ಹತ್ತೊಂಬತ್ತು ನನ್ನ ತಲೇಲಿ ಕೂತುಬಿಡ್ತು. ನಮ್ಮೂರಿಂದ ಬೆಂಗಳೂರು ಹೆಚ್ಚುಕಮ್ಮಿ 70 ಕಿಲೋಮೀಟರ್, ಭಾಗಿಸಿದ್ರೆ 3.7 ಕಿಲೋಮೀಟರ್ ಕೂಡ ಇಲ್ಲ. ಅಷ್ಟರಲ್ಲಿ ಏನು ಉಳಿಸ್ಕೋಬೇಕು ಏನು ಬಿಡಬೇಕು? ರಾತ್ರಿ ಅಂಗಡಿ ಹತ್ರ ಈ ಮಾತು ತೆಗೆದಿದ್ದೇ ತಪ್ಪಾಯ್ತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡೋ ಹಂಗಿಲ್ಲ, ಅದರಲ್ಲಿ ಯಾರದೂ ತಕರಾರಿಲ್ಲ. ಆದ್ರೆ ಯಾವ ಹೋಟೆಲು ಅಂತ ಬಂದಾಗ ಗಂಟಲು ಏರ್ತು. ಸಿದ್ಧಗಂಗೆ ಬೆಟ್ಟ ಇರ್ಲೇಬೇಕು, ಟೋಲು ಬೇಡ ಅಂತ ಒಬ್ಬ, ಟೋಲೇ ಇಲ್ದಿದ್ರೆ ಅದು ಈ ರೋಡು ಅಂತ ಯಾರು ನಂಬ್ತಾರೆ ಅಂತ ಇನ್ನೊಬ್ಬ. ದಾಬಸ್‌ಪೇಟೆ ಬಂದಾಗ ಕಿಟಕೀಲಿ ಶಿವಗಂಗೆ ಕಾಣಬೇಕು ಅನ್ನೋದು ನಂದು, ನಾನು ಬೆಂಗಳೂರಿಗೆ ಓಡಾಡಿದ ಕಾಲದಲ್ಲಿ ಬೆಟ್ಟ ಕಂಡ ಮೇಲೇನೇ ನಿದ್ದೆ ಮಾಡ್ತಿದ್ದೆ. ನೆಲಮಂಗಲದ ಜಾಮು ಮಾತ್ರ ಹತ್ತೊಂಬತ್ತಕ್ಕೊಂದು ಮಾಡೋಕೆ ಯಾವ ಪ್ರಾಗಿನೋನ ಕೈಲೂ ಆಗಲ್ಲ.

ಇಳಿಸೋರ ಕಥೆ ಇದಾದ್ರೆ ಏರಿಸೋರೂ ಅವ್ರೆ. 2017ರಲ್ಲಿ ಬಂದ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ ಅನ್ನೋ ಗೇಮು ನಡೆಯೋದು ನಮ್ಮ ಪಶ್ಚಿಮ ಘಟ್ಟದಲ್ಲಿ, ಇಬ್ಬರು ಹೆಂಗಸರು ಗಣೇಶನ ದಂತ ಹುಡುಕ್ಕೊಂಡು ಹೊಯ್ಸಳರ ಹಾಳೂರಿಗೆ ಬರ್ತಾರೆ. ಅಮೆರಿಕದ ಗೇಮಲ್ಲಿ ಹೊಯ್ಸಳ ಅಂತ ಕೇಳಿ ರೋಮಾಂಚನ ಆಗಿದ್ದು ನಿಜ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ನೋಡಿದ್ರೆ ಬೆಟ್ಟದಷ್ಟು ಎತ್ತರದ ವಿಗ್ರಹ, ಜಲಪಾತ, ತಿರುಗೋ ಕಲ್ಲಿನ ಯಂತ್ರ! ಹೊಯ್ಸಳರು ಅಷ್ಟು ದೊಡ್ಡದಕ್ಕೆ ಕೈ ಹಾಕಿದ್ದು ಎಲ್ಲಪ್ಪಾ, ಅವರ ಗಮ್ಮತ್ತು ಇರೋದೇ ಸಣ್ಣದರಲ್ಲಿ, ಮೆತ್ತನೆ ಬಳಪದ ಕಲ್ಲಲ್ಲಿ ಬಳೆ, ಗೆಜ್ಜೆ, ಉಗುರು ಕೂಡ ಕೆತ್ತಿ ತೋರಿಸೋದ್ರಲ್ಲಿ. ಇಲ್ಲೇ ನಮ್ಮ ಕೈದಾಳದಲ್ಲಿ ಚೆನ್ನಕೇಶವನ ಗುಡಿ ಐತೆ. ಕಪ್ಪೆ ಇದ್ದ ಕಲ್ಲಿನ ದೆಸೆಯಿಂದ ಕೈ ಕಡ್ಕೊಂಡ ಜಕಣಾಚಾರಿಗೆ ಕೈ ವಾಪಸ್ ಬಂದಿದ್ದು ಅಲ್ಲೇ ಅಂತ ಊರೋರು ಹೇಳೋ ಕಥೆ. ಅದನ್ನ ಗೇಮ್ ಮಾಡಿದ್ರೆ ಒಂದು ಕಪ್ಪೆ, ಒಂದು ಉಳಿ ಸಾಕು, ಬಾಂಬ್ ಬೇಕಿಲ್ಲ. ಯಾರು ಕೊಂಡ್ಕೋತಾರೆ ಅನ್ನೋದು ಬೇರೆ ಮಾತು.

ಬೆಳಿಗ್ಗೆ ಮತ್ತೆ ಕೆಂಪು ಬಸ್ಸು. ಈ ಸಲ ಅಮ್ಮಾನೂ ಕಾಫಿ ಲೋಟ ಹಿಡ್ಕೊಂಡು ಹಿಂದೆ ನಿಂತು ನೋಡಿದ್ರು. ಕಂಡಕ್ಟರ್ ಎಲ್ಲಿ ಅಂತ ಮೊದಲನೇ ಪ್ರಶ್ನೆ. ಇಲ್ಲ ಅಜ್ಜಿ ಅಂದ. ಹಂಗಾದ್ರೆ ಟಿಕೆಟ್ ಹಿಂದೆ ಚಿಲ್ಲರೆ ಬರ್ಕೊಡೋರು ಯಾರು, ಇಳಿಯೋವಾಗ ಜ್ಞಾಪಕ ಇಟ್ಕೊಂಡು ಇಸ್ಕೊಳ್ಳೋದು ಹೆಂಗೆ? ಹುಡುಗನ ಹತ್ರ ಉತ್ತರ ಇಲ್ಲ, ಅವನ ಗಮನ ಎದುರಿಗೆ ಬರ್ತಿದ್ದ ಲಾರಿ ಮೇಲೆ. ಅಷ್ಟರಲ್ಲಿ ರೋಡ್ ಪಕ್ಕ ಯಾರೋ ನಿಂತಿದ್ದು ಅಮ್ಮನ ಕಣ್ಣಿಗೆ ಬಿತ್ತು.

"ಲೇ ನಿಲ್ಸೋ, ಪಾಪ ಯಾವಾಗಿಂದ ನಿಂತವ್ರೋ."

"ಆಗಲ್ಲ ಅಜ್ಜಿ" ಅಂದ ಅವನು, ಕತ್ತೂ ತಿರುಗಿಸದೆ, "ಇದು ನಾನ್‌ಸ್ಟಾಪು."